ಒಂಬತ್ತು ಸೇನಾನೆಲೆಗಳು, ಎರಡು ಸಲ ಬದಲಾದ ಫಲಕಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಫೋರ್ಟ್ ಬ್ರ್ಯಾಗ್ ಎಂಬ ದೊಡ್ಡ ಸೇನಾನೆಲೆ ಇದೆ. ಪ್ಯಾರಾಚೂಟ್ ಪಡೆಗಳ ತವರು ಅದು. 2023ರ ಜೂನ್ 2ರಂದು ಅದರ ಹೆಸರು ಫೋರ್ಟ್ ಲಿಬರ್ಟಿ ಎಂದಾಯಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಫೋರ್ಟ್ ಬ್ರ್ಯಾಗ್ ಆಯಿತು. ಆದರೆ ಮೊದಲಿನ ಬ್ರ್ಯಾಗ್ ಬೇರೆ, ಈಗಿನ ಬ್ರ್ಯಾಗ್ ಬೇರೆ. ಅಂತರ್ಯುದ್ಧದಲ್ಲಿ ಸೋತ ಪಕ್ಷದವರನ್ನು ಗೌರವಿಸುವ ಹೆಸರುಗಳನ್ನು ತೆಗೆಯಬೇಕು ಎಂದು ಕಾನೂನು ಅಷ್ಟು ಸ್ಪಷ್ಟವಾಗಿ ಹೇಳಿದ್ದರೂ ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಇವತ್ತು ನೋಡೋಣ.

ಮೊದಲು ಹಿನ್ನೆಲೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾದ ದಕ್ಷಿಣದ 11 ರಾಜ್ಯಗಳ ಕೂಟಕ್ಕೆ ಕಾನ್ಫೆಡರಸಿ ಎಂದು ಹೆಸರು. ಸೋತ ಆ ಪಕ್ಷದ ಸೇನಾಧಿಕಾರಿಗಳ ಹೆಸರು ಗೆದ್ದ ದೇಶದ ಸೇನಾನೆಲೆಗಳಿಗೆ ಬಂದದ್ದು ಯುದ್ಧ ಮುಗಿದ ಅರ್ಧ ಶತಮಾನದ ಮೇಲೆ. ಎರಡು ಮಹಾಯುದ್ಧಗಳ ಹೊತ್ತಿನಲ್ಲಿ ಲಕ್ಷಾಂತರ ಜನರಿಗೆ ತರಬೇತಿ ಕೊಡಬೇಕಾಯಿತು, ದಕ್ಷಿಣದಲ್ಲಿ ಅವಸರವಸರವಾಗಿ ಶಿಬಿರಗಳೆದ್ದವು. ಲೀ, ಬ್ರ್ಯಾಗ್, ಬೆನ್ನಿಂಗ್ ಹೆಸರಿನ ಶಿಬಿರಗಳು 1917-18ರವು. ಪೋಕ್, ಹುಡ್, ರಕ್ಕರ್, ಪಿಕೆಟ್, ಎ. ಪಿ. ಹಿಲ್ ಮತ್ತು ಈಗಿನ ಜಾಗದ ಗಾರ್ಡನ್ 1941-42ರವು. ಸ್ಥಳೀಯ ಬಿಳಿಯರ ಒಲವು ಗಳಿಸಲು ಸ್ಥಳೀಯ ಹೆಸರು ಬೇಕಿತ್ತು. ಕರಿಯರಿಗೆ ಆ ರಾಜ್ಯಗಳಲ್ಲಿ ಹೆಚ್ಚುಕಡಿಮೆ ಮತದಾನವೇ ಇರಲಿಲ್ಲ, ಅವರನ್ನು ಕೇಳುವವರೂ ಇರಲಿಲ್ಲ. ಆದರೂ ಕರಿಯ ಸೈನಿಕರು ತರಬೇತಿಗೆ ಬಂದದ್ದು ಇದೇ ಶಿಬಿರಗಳಿಗೆ.

ಸೈನಿಕ ಯೋಗ್ಯತೆ ನೋಡಿ ಇಟ್ಟ ಹೆಸರುಗಳೇ ಇವು ಎಂದರೆ, ಅದೂ ಅನುಮಾನವೇ. ಬ್ರ್ಯಾಕ್ಸ್‌ಟನ್ ಬ್ರ್ಯಾಗ್ 1863ರಲ್ಲಿ ಚಾಟನೂಗದಲ್ಲಿ ಸೋತು ಸೇನಾಪತಿಯ ಪಟ್ಟ ಬಿಟ್ಟವನು. ಅವನ ಕೈಕೆಳಗಿನ ಅಧಿಕಾರಿಗಳಿಗೇ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಹೆನ್ರಿ ಬೆನ್ನಿಂಗ್ ವೃತ್ತಿಯಿಂದ ನ್ಯಾಯಾಧೀಶ, ಗುಲಾಮಗಿರಿ ಉಳಿಯಬೇಕಾದರೆ ದೇಶ ಒಡೆಯಲೇಬೇಕು ಎಂದು ಬಹಿರಂಗವಾಗಿ ವಾದಿಸಿದವನು.

2020ರಲ್ಲಿ ಪೊಲೀಸರ ಕೈಯಲ್ಲಿ ನಡೆದ ಕರಿಯ ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಈ ವಿಷಯ ಅಮೆರಿಕದ ಸಂಸತ್ತಿಗೆ ಬಂತು. 2021ರ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯಲ್ಲಿ 370ನೇ ಕಲಮು ಸೇರಿತು. ಅಧ್ಯಕ್ಷ ಟ್ರಂಪ್ ಡಿಸೆಂಬರ್ 23ರಂದು ಕಾಯ್ದೆಯನ್ನು ತಡೆಹಿಡಿದರು. ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಆ ತಡೆಯನ್ನು ತಳ್ಳಿಹಾಕಿ, 2021ರ ಜನವರಿ 1ಕ್ಕೆ ಅದು ಕಾನೂನಾಯಿತು. ಹೆಸರು ಬದಲಾವಣೆಗೆ ಯೋಜನೆ ಹಾಕಲು ಎಂಟು ಸದಸ್ಯರ ಆಯೋಗ, ಅದು ಮುಂದೆ ಆರಿಸಿಕೊಂಡ ಅಧ್ಯಕ್ಷೆ ನಿವೃತ್ತ ಅಡ್ಮಿರಲ್ ಮಿಶೆಲ್ ಹೊವಾರ್ಡ್. ಹೆಸರುಗಳನ್ನು ತೆಗೆಯುವ ಕೆಲಸ ಮುಗಿಸಲು ಕೊಟ್ಟ ಗಡುವು ಮೂರು ವರ್ಷ.

ಆ ಕಲಮನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕಾನ್ಫೆಡರಸಿಯನ್ನು, ಅಥವಾ ಸ್ವಇಚ್ಛೆಯಿಂದ ಅದರ ಸೇವೆಗೆ ಸೇರಿದ ಯಾವುದೇ ವ್ಯಕ್ತಿಯನ್ನು ಗೌರವಿಸುವ ಹೆಸರು, ಚಿಹ್ನೆ, ಸ್ಮಾರಕಗಳನ್ನು ರಕ್ಷಣಾ ಇಲಾಖೆಯ ಎಲ್ಲ ಆಸ್ತಿಗಳಿಂದ ತೆಗೆಯಬೇಕು ಎನ್ನುತ್ತದೆ ಅದು. ಆಸ್ತಿ ಎಂದರೆ ನೆಲೆ, ರಸ್ತೆ, ಕಟ್ಟಡ, ಹಡಗು, ವಿಮಾನ, ಶಸ್ತ್ರ, ಉಪಕರಣ, ಎಲ್ಲವೂ. ಸಮಾಧಿಕಲ್ಲುಗಳಿಗೆ ಮಾತ್ರ ವಿನಾಯಿತಿ. ನಿಷೇಧ ಇರುವುದು ವ್ಯಕ್ತಿಯ ಗೌರವಕ್ಕೆ. ಫಲಕದ ಮೇಲಿನ ಅಕ್ಷರಗಳಿಗೆ ನಿಷೇಧವಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಮಾತಿನ ಮಿತಿ ವರ್ಜೀನಿಯದ ಫೋರ್ಟ್ ಬೆಲ್ವಾರ್‌ನಲ್ಲೇ ಎದ್ದು ಕಂಡಿತು. ಅದಕ್ಕೆ ಮೊದಲಿದ್ದದ್ದು ಉತ್ತರ ಪಕ್ಷದ ಜನರಲ್ ಹಂಫ್ರೀಸ್ ಹೆಸರು. 1935ರಲ್ಲಿ ಅದನ್ನು ಅಳಿಸಿ, ಗುಲಾಮರು ದುಡಿದ ಹಳೆಯ ಜಮೀನ್ದಾರಿ ತೋಟದ ಹೆಸರಿಟ್ಟರು. ತೋಟ ಕಾನ್ಫೆಡರಸಿಗಿಂತ ಎಷ್ಟೋ ಹಳೆಯದು, ಹಾಗಾಗಿ ಕಾನೂನಿನ ಹಿಡಿತಕ್ಕೆ ಬರಲಿಲ್ಲ. ಇಲಾಖೆಯೇ ಪ್ರತ್ಯೇಕವಾಗಿ ಪರಿಶೀಲಿಸಲಿ ಎಂದು ಆಯೋಗ ಕೈಬಿಟ್ಟಿತು.

ಉಳಿದ ಒಂಬತ್ತಕ್ಕೆ ಹೊಸ ಹೆಸರು ಬೇಕಿತ್ತು. ಆಯೋಗದ ಸದಸ್ಯರು ಒಂಬತ್ತೂ ನೆಲೆಗಳಿಗೆ ಹೋಗಿ ಸೈನಿಕರು, ಕುಟುಂಬಗಳು, ಅಕ್ಕಪಕ್ಕದ ಊರಿನವರ ಮಾತು ಕೇಳಿದರು. ಸಾರ್ವಜನಿಕರಿಂದ 34,000ಕ್ಕೂ ಹೆಚ್ಚು ಸಲಹೆಗಳು ಬಂದವು. ಒಂದೇ ಹೆಸರು ಮತ್ತೆ ಮತ್ತೆ ಬಂದದ್ದನ್ನು ಕಳೆದರೆ 3,670 ಹೆಸರು. ಜರಡಿ ಹಿಡಿದು 87ಕ್ಕೆ ಇಳಿಸಿ, 2022ರ ಮೇ ತಿಂಗಳಲ್ಲಿ ಒಂಬತ್ತನ್ನು ಪ್ರಕಟಿಸಿದರು. ನೆಲೆಯ ಕೆಲಸಕ್ಕೂ ವ್ಯಕ್ತಿಗೂ ನಂಟು ನೋಡಿದ್ದು ಇಲ್ಲಿನ ಜಾಣತನ. ಹೆಲಿಕಾಪ್ಟರ್ ಪೈಲಟ್‌ಗಳು ತಯಾರಾಗುವ ಅಲಬಾಮದ ರಕ್ಕರ್‌ಗೆ, ವಿಯೆಟ್ನಾಂನಲ್ಲಿ ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ತಂದ ಮೈಕೆಲ್ ನೊವೊಸೆಲ್ ಹೆಸರು. ಸರಬರಾಜು ವಿಭಾಗದ ಫೋರ್ಟ್ ಲೀಗೆ, ಅದೇ ಕ್ಷೇತ್ರದಲ್ಲಿ ಲೆಫ್ಟಿನೆಂಟ್ ಜನರಲ್ ಆದ ಆರ್ಥರ್ ಗ್ರೆಗ್ ಮತ್ತು ಎರಡನೇ ಮಹಾಯುದ್ಧದಲ್ಲಿ ಸೈನಿಕರ ಅಂಚೆ ವಿಂಗಡಿಸಿದ ಕರಿಯ ಮಹಿಳೆಯರ 6888ನೇ ದಳವನ್ನು ಮುನ್ನಡೆಸಿದ ಚಾರಿಟಿ ಆಡಮ್ಸ್ ಹೆಸರು. ಗ್ರೆಗ್ ಆಗ ಬದುಕಿದ್ದರು, ಸಮಾರಂಭಕ್ಕೂ ಬಂದಿದ್ದರು. ಬೆನ್ನಿಂಗ್‌ಗೆ ಜನರಲ್ ಹಾಲ್ ಮೂರ್ ಮತ್ತು ಪತ್ನಿ ಜೂಲಿಯಾ, ಇಬ್ಬರ ಹೆಸರೂ ಬಂತು. ಯುದ್ಧದಲ್ಲಿ ಸತ್ತವರ ಸುದ್ದಿಯ ಟೆಲಿಗ್ರಾಂ ಟ್ಯಾಕ್ಸಿ ಚಾಲಕರ ಕೈಯಲ್ಲಿ ಮನೆಗಳಿಗೆ ಬರುತ್ತಿದ್ದ ಕಾಲದಲ್ಲಿ, ಸೇನೆಯವರೇ ಖುದ್ದು ಬಂದು ತಿಳಿಸುವ ಪದ್ಧತಿಗೆ ದಾರಿ ಮಾಡಿದವರು ಜೂಲಿಯಾ. ಬ್ರ್ಯಾಗ್ ಒಂದಕ್ಕೆ ಮಾತ್ರ ವ್ಯಕ್ತಿಯ ಹೆಸರು ಬರಲಿಲ್ಲ. ಲಿಬರ್ಟಿ, ಅಂದರೆ ಸ್ವಾತಂತ್ರ್ಯ ಎಂದಿಟ್ಟರು. ನನ್ನ ಲೆಕ್ಕದಲ್ಲಿ ಒಂಬತ್ತರಲ್ಲಿ ಸಪ್ಪೆಯಾದ ಆಯ್ಕೆ ಅದೇ. ಹೆಸರಿನ ಹಿಂದೆ ಒಬ್ಬ ಮನುಷ್ಯ ಇಲ್ಲದಿದ್ದರೆ ಅದನ್ನು ಉಳಿಸಿಕೊಳ್ಳಲು ಹಟ ಹಿಡಿಯುವವರೂ ಇರುವುದಿಲ್ಲ.

ಇನ್ನು ಖರ್ಚು. ಒಂಬತ್ತು ನೆಲೆಗಳಿಗೆ ಆಯೋಗ ಹಾಕಿದ ಅಂದಾಜು ಸುಮಾರು 2 ಕೋಟಿ 10 ಲಕ್ಷ ಡಾಲರ್. ಹಡಗು, ಸೈನಿಕ ಅಕಾಡೆಮಿ, ಸ್ಮಾರಕ ಎಲ್ಲ ಸೇರಿ ಸುಮಾರು 6 ಕೋಟಿ 25 ಲಕ್ಷ. ಬ್ರ್ಯಾಗ್ ಒಂದಕ್ಕೇ 60 ಲಕ್ಷ ದಾಟುತ್ತದೆ. ಸಮಾರಂಭದಲ್ಲಿ ಬಟ್ಟೆ ಸರಿಸಿ ತೋರಿಸುವ ಮುಖ್ಯದ್ವಾರದ ಫಲಕ ಈ ಲೆಕ್ಕದಲ್ಲಿ ಚಿಕ್ಕ ಬಾಬತ್ತು. ಒಳಗಿನ ರಸ್ತೆಗಳ ಹೆಸರು, ಕಟ್ಟಡಗಳ ಮೇಲಿನ ಅಕ್ಷರ, ನೀರಿನ ಟ್ಯಾಂಕ್, ಪೊಲೀಸ್ ವಾಹನಗಳ ಸ್ಟಿಕ್ಕರ್, ಲೆಟರ್‌ಹೆಡ್, ಮುದ್ರೆ, ವೆಬ್‌ಸೈಟ್, ಕಂಪ್ಯೂಟರ್ ದಾಖಲೆಗಳ ವಿಳಾಸ, ಇವೆಲ್ಲ ಸೇರಿ ಮೊತ್ತ ಬೆಳೆಯುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಯಾವಾಗಲೂ ಪಟ್ಟಿ. ಹೆಸರು ಎಲ್ಲೆಲ್ಲಿ ಇದೆ ಎಂದು ಕಟ್ಟಡದಿಂದ ಕಟ್ಟಡಕ್ಕೆ ನಡೆದು ಬರೆದುಕೊಳ್ಳದೆ ಅಂದಾಜು ಹಾಕಿದರೆ ಅದು ಉಳಿಯುವುದಿಲ್ಲ. ಎಡವುವುದು ಬೇಲಿಯ ಆಚೆ. ಹೆದ್ದಾರಿಯ ಕೈಮರಗಳು ರಾಜ್ಯ ಸರ್ಕಾರದ್ದು, ಕಾನೂನು ಹೇಳಿದ ಆಸ್ತಿಯಲ್ಲಿ ಅವು ಸೇರುವುದಿಲ್ಲ, ದುಡ್ಡೂ ಬೇರೆ ತಿಜೋರಿಯಿಂದ ಬರಬೇಕು. ಹೀಗಾಗಿ ಗೇಟಿನ ಮೇಲೆ ಒಂದು ಹೆಸರು, ಹೆದ್ದಾರಿಯಲ್ಲಿ ಇನ್ನೊಂದು ಎಂಬ ಸ್ಥಿತಿ ಬರಬಹುದು.

2023ರ ಮಾರ್ಚ್‌ನಲ್ಲಿ ಪಿಕೆಟ್‌ನಿಂದ ಶುರುವಾದ ಬದಲಾವಣೆ ಅಕ್ಟೋಬರ್ 27ರಂದು ಗಾರ್ಡನ್, ಫೋರ್ಟ್ ಐಸೆನ್‌ಹೋವರ್ ಆಗುವುದರೊಂದಿಗೆ ಮುಗಿಯಿತು. ಗಡುವಿಗೆ ಇನ್ನೂ ಎರಡು ತಿಂಗಳಿತ್ತು.

ಆಮೇಲೆ ಸರ್ಕಾರ ಬದಲಾಯಿತು. 2025ರ ಫೆಬ್ರುವರಿ 10ರಂದು ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್ ಯೂರೋಪಿಗೆ ಹೊರಟ ವಿಮಾನದಲ್ಲೇ ಕುಳಿತು, ಲಿಬರ್ಟಿ ಮತ್ತೆ ಬ್ರ್ಯಾಗ್ ಆಗಲಿ ಎಂಬ ಆದೇಶಕ್ಕೆ ಸಹಿ ಹಾಕಿದರು. ಗೌರವ ಮಾತ್ರ ಎರಡನೇ ಮಹಾಯುದ್ಧದಲ್ಲಿ ಸಿಲ್ವರ್ ಸ್ಟಾರ್ ಶೌರ್ಯಪದಕ ಪಡೆದ ರೋಲಂಡ್ ಬ್ರ್ಯಾಗ್ ಎಂಬ ಸೈನಿಕನಿಗೆ. ಮಾರ್ಚ್‌ನಲ್ಲಿ ಮೂರ್ ಹೋಗಿ, ಮೊದಲ ಮಹಾಯುದ್ಧದ ಫ್ರೆಡ್ ಬೆನ್ನಿಂಗ್ ಬಂದ. ಜೂನ್ 10ರಂದು ಉಳಿದ ಏಳನ್ನೂ ಹಿಂದಿನಂತೆ ಮಾಡುವುದಾಗಿ ಟ್ರಂಪ್ ಘೋಷಿಸಿದರು. ಕಾನೂನು ವ್ಯಕ್ತಿಯನ್ನು ನಿಷೇಧಿಸಿತ್ತು. ಮನೆತನದ ಹೆಸರು ಒಂದೇ ಇರುವ ಬೇರೆ ವ್ಯಕ್ತಿಯನ್ನು ಹುಡುಕಿದರೆ ಅಕ್ಷರಶಃ ಉಲ್ಲಂಘನೆ ಆಗುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಎ. ಪಿ. ಹಿಲ್. ಅದಕ್ಕೆ ಆಂಡರ್ಸನ್, ಪಿನ್, ಹಿಲ್ ಎಂಬ ಮೂವರನ್ನು ಜೋಡಿಸಿ ಇನಿಷಿಯಲ್ ಹೊಂದಿಸಿದರು. ಮೂವರೂ ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿ ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಪಡೆದವರು. ಈ ಸೈನಿಕರ ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಹೆಸರನ್ನು ಮೊದಲು ನಿಶ್ಚಯಿಸಿ ಆಮೇಲೆ ಮನುಷ್ಯನನ್ನು ಹುಡುಕುವುದು ಗೌರವದ ಕ್ರಮವಲ್ಲ. ಕಲಮಿನಲ್ಲಿ ‘ಅದೇ ಹೆಸರನ್ನು ಮತ್ತೆ ಇಡಕೂಡದು’ ಎಂಬ ಒಂದು ಸಾಲು ಇದ್ದಿದ್ದರೆ ಈ ದಾರಿ ಮುಚ್ಚಿರುತ್ತಿತ್ತು.

ಈಗ ಈ ನೆಲೆಗಳ ಕಾಗದಪತ್ರ ಓದುವವರು ತಾರೀಕು ನೋಡಲೇಬೇಕು. ಜಾರ್ಜಿಯದ ಫೋರ್ಟ್ ಗಾರ್ಡನ್ ಎಂದರೆ 2023ರ ಅಕ್ಟೋಬರ್ ತನಕ ಕಾನ್ಫೆಡರೇಟ್ ಜನರಲ್ ಜಾನ್ ಗಾರ್ಡನ್. 2025ರಿಂದ ಈಚೆಗೆ, 1993ರಲ್ಲಿ ಸೊಮಾಲಿಯದ ಮೊಗದಿಶುವಿನಲ್ಲಿ ಪ್ರಾಣ ಕೊಟ್ಟ ಗ್ಯಾರಿ ಗಾರ್ಡನ್. ನಡುವಿನ ಅವಧಿಯ ಕಾಗದ ಬೇಕಾದರೆ ಐಸೆನ್‌ಹೋವರ್ ಹೆಸರಿನಲ್ಲಿ ಹುಡುಕಬೇಕು.

ನಮಸ್ಕಾರ.