ಸುರಂಗದ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ನಾಳೆ ಬೂದಿ ಬುಧವಾರ. ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನಗಳ ತಪಸ್ಸುಕಾಲ ನಮಗೆ ಕಥೋಲಿಕರಿಗೆ ನಾಳೆಯಿಂದ ಶುರು. ಇಗರ್ಜಿಯಲ್ಲಿ ಸಾಲಾಗಿ ನಿಲ್ಲುತ್ತೇವೆ, ಫಾದರ್ ಹಣೆಗೆ ಬೂದಿ ಹಚ್ಚುತ್ತಾರೆ. ಆ ಬೂದಿ ಎಲ್ಲಿಂದ ಬರುತ್ತದೆ ಗೊತ್ತಾ? ಹೋದ ವರ್ಷ ಗರಿಗಳ ಭಾನುವಾರದಂದು, ಅಂದರೆ ಈಸ್ಟರ್‌ಗೆ ಹಿಂದಿನ ಭಾನುವಾರ, ಆಶೀರ್ವಾದ ಮಾಡಿಸಿ ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿ ಇರುತ್ತದಲ್ಲ, ಅದು ಒಣಗಿ ಕಂದಾಗಿ ಮುಟ್ಟಿದರೆ ಮುರಿಯುವಂತೆ ಆಗಿರುತ್ತದೆ, ಅದನ್ನೇ ವಾಪಸ್ ಕೊಟ್ಟು ಸುಡುವುದು. ಹಬ್ಬದ ದಿನ ಕೈಯಲ್ಲಿ ಹಿಡಿದು ಹಾಡಿದ ಗರಿಯೇ ಮರುವರ್ಷ ಹಣೆಯ ಬೂದಿ.

ನಾಳೆಯ ಪೂಜೆಯ ಮೊದಲ ವಾಚನ ಪ್ರವಾದಿ ಯೋವೇಲನದ್ದು. ಪೂರ್ಣ ಮನಸ್ಸಿನಿಂದ ನನ್ನ ಕಡೆಗೆ ತಿರುಗಿ ಬನ್ನಿ ಎಂದು ದೇವರು ಅಲ್ಲಿ ಕರೆಯುತ್ತಾರೆ. ನಾವು ಪಶ್ಚಾತ್ತಾಪ ಎನ್ನುತ್ತೇವೆ, ಆ ಪದದಲ್ಲಿ ತಾಪ ಇದೆ, ಆಮೇಲೆ ಒಳಗೇ ಬೇಯುವುದು. ಯೋವೇಲನ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಇರುವ ಪದ ಶೂವ್. ತಿರುಗಿ ಬರುವುದು, ಅಷ್ಟೇ. ಪೇಟೆಗೆ ಹೋದವನು ಮನೆಗೆ ಬಂದ ಅನ್ನಲೂ ಅದೇ ಮಾತು. ನನಗೆ ಇದು ತುಂಬಾ ಇಷ್ಟ, ಯಾಕೆಂದರೆ ಬೇಯುತ್ತಾ ಕೂತಲ್ಲೇ ಕೂರಬಹುದು, ತಿರುಗಿ ಬರಬೇಕಾದರೆ ಮಾತ್ರ ಏಳಲೇಬೇಕು ಅಲ್ವಾ?

ಆದರೆ ಏಳಬೇಕು ಅಂತ ಗೊತ್ತಾಗುವುದು ಯಾವಾಗ? ಅದನ್ನು ಹೇಳಲಿಕ್ಕೇ ನಾನು ಇವತ್ತು ಬಂದದ್ದು.

ನಮ್ಮದು ಕಾಸರಗೋಡು ಕಡೆಯ ಬೇಳ ಎಂಬ ಊರಿನ ಹತ್ತಿರ ಒಂದು ಅಡಿಕೆ ತೋಟ. ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ನಮ್ಮ ಅಜ್ಜನ ಕಾಲದಿಂದಲೂ ನಾವು ಅಲ್ಲಿಗೇ ಹೋಗುವವರು. ಅಜ್ಜ ಗುಡ್ಡಕ್ಕೆ ಒಂದು ಸುರಂಗ ಕೊರೆಸಿದ್ದರು. ನಮ್ಮ ಕಡೆಯವರಿಗೆ ಸುರಂಗ ಎಂದರೆ ಗೊತ್ತು, ಬೇರೆ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ: ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ, ಗುಡ್ಡವನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಕೊರೆಯುತ್ತಾ ಹೋಗುವುದು, ನೀರಿನ ಒರತೆ ಸಿಗುವ ತನಕ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿಯೇ ಹರಿದು ಬರುತ್ತದೆ, ಅಡಿಕೆ ಮರ ಸೀಳಿ ಮಾಡಿದ ದಂಬೆ, ಅಂದರೆ ನೀರು ಹರಿಯುವ ಕಾಲುವೆ, ಇಟ್ಟರೆ ತೊಟ್ಟಿಗೆ ಬಂದು ಬೀಳುತ್ತದೆ.

ಅಪ್ಪ ತೀರಿಕೊಂಡ ಮೇಲೆ ತೋಟ ನನಗೂ ತಮ್ಮನಿಗೂ ಪಾಲಾಯಿತು. ಸುರಂಗದ ನೀರು ಒಂದು ದಿನ ನನಗೆ, ಒಂದು ದಿನ ಅವನಿಗೆ. ನಾನು ಬೋರ್‌ವೆಲ್ ಕೂಡ ತೆಗೆಸಿದ್ದೆ, ಅವನಿಗೆ ಅದು ಇರಲಿಲ್ಲ. ಒಂದು ಏಪ್ರಿಲ್‌ನಲ್ಲಿ, ನೀರು ತೀರಾ ಸಣ್ಣಗಾಗಿದ್ದಾಗ, ಅವನ ಸರದಿಯ ರಾತ್ರಿ ನಾನು ಎದ್ದುಹೋಗಿ ದಂಬೆಯನ್ನು ನನ್ನ ತೊಟ್ಟಿಯ ಕಡೆ ತಿರುಗಿಸಿದೆ. ಒಂದು ರಾತ್ರಿ ಅಲ್ಲ, ಐದಾರು ರಾತ್ರಿ. ಅವನಿಗೆ ಗೊತ್ತಾಯಿತು. ಜಗಳ ಆಯಿತು, ಮಾತು ನಿಂತಿತು. ಅವನೂ ಸಾಲ ಮಾಡಿ ಬೋರ್‌ವೆಲ್ ಹಾಕಿಸಿದ. ಸುರಂಗವನ್ನು ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಅದು ಬತ್ತಿತು ಅಂತ ಊರಿನವರು ಹೇಳಿದರು, ನಾವೂ ಹಾಗೇ ಅಂದುಕೊಂಡೆವು.

ಹೀಗೆ ಮೂರು ವರ್ಷ. ಆ ಮೂರು ವರ್ಷವೂ ನಾನು ಒಂದು ಭಾನುವಾರದ ಪೂಜೆ ತಪ್ಪಿಸಲಿಲ್ಲ. ಮನೆಯಲ್ಲಿ ಸಂಜೆ ಜಪಸರ ನಡೆಯುತ್ತಿತ್ತು, ಇಗರ್ಜಿಯಲ್ಲಿ ವಾಚನ ಓದುತ್ತಿದ್ದೆ. ಎಲ್ಲಾ ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ಬೋರ್‌ವೆಲ್ ನೀರು ಬರುತ್ತಿರುವಾಗ ಸುರಂಗದ ನೆನಪು ಯಾರಿಗೆ ಬರುತ್ತದೆ?

ಒಂದು ಸಂಜೆ ನಮ್ಮ ವಾರ್ಡಿನ ಪ್ರಾರ್ಥನಾ ಕೂಟ. ಬೈಬಲ್ ಓದುವ ಕೆಲಸ ನನ್ನದು. ಅವತ್ತಿನ ಭಾಗ ಸಮುವೇಲನ ಎರಡನೇ ಗ್ರಂಥದ 12ನೇ ಅಧ್ಯಾಯ. ರಾಜ ದಾವೀದ ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ್ದಾನೆ. ಮಗುವೂ ಹುಟ್ಟಿಯಾಗಿದೆ, ಅಂದರೆ ತಿಂಗಳುಗಟ್ಟಲೆ ಕಳೆದಿದೆ, ಅವನಿಗೆ ಏನೂ ಅನ್ನಿಸಿಲ್ಲ. ಆಗ ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಬೇಕಾದಷ್ಟು ಕುರಿ ಇದ್ದ ಶ್ರೀಮಂತ, ಇದ್ದ ಒಂದೇ ಒಂದು ಮರಿಯನ್ನು ಮಗಳ ಹಾಗೆ ಸಾಕಿದ ಬಡವ, ಆ ಮರಿಯನ್ನೇ ಕಿತ್ತುಕೊಂಡು ಶ್ರೀಮಂತ ನೆಂಟನಿಗೆ ಅಡುಗೆ ಮಾಡಿಸಿದ. ದಾವೀದನಿಗೆ ಸಿಟ್ಟು ಬಂದು, ಹೀಗೆ ಮಾಡಿದವನು ಸಾಯಬೇಕು, ನಾಲ್ಕರಷ್ಟು ಕೊಡಬೇಕು ಎನ್ನುತ್ತಾನೆ. ನಾತಾನ ಹೇಳುವುದು ಒಂದೇ ಮಾತು: ಆ ಮನುಷ್ಯ ನೀನೇ.

ಆ ಸಾಲು ಓದುವಾಗ ನನ್ನ ಸ್ವರ ನಿಂತಿತು. ಬಾಗಿಲ ಹತ್ತಿರ ಚಾಪೆಯಲ್ಲಿ ತಮ್ಮನ ಹೆಂಡತಿ ಕೂತಿದ್ದಳು. ಅವಳು ತಲೆ ಎತ್ತಲಿಲ್ಲ, ಮಡಿಲಲ್ಲಿದ್ದ ಮಗುವಿನ ಕೂದಲು ಸರಿಮಾಡುತ್ತಿದ್ದಳು.

ಮನೆಗೆ ಬಂದು ಬೈಬಲಿನಲ್ಲಿ ಲೂಕನ 15ನೇ ಅಧ್ಯಾಯ ತೆಗೆದೆ. ಮನೆ ಬಿಟ್ಟುಹೋದ ಕಿರಿಯ ಮಗನ ಕಥೆ ನನಗೆ ಬಾಯಿಪಾಠ. ಆದರೆ ಅವನಿಗೆ ಬುದ್ಧಿ ಬಂದದ್ದು ಹೇಗೆ ಅಂತ ನಾನು ಸರಿಯಾಗಿ ನೋಡಿರಲಿಲ್ಲ. ಅವನೇನು ದೊಡ್ಡ ದುಃಖದಿಂದ ಅತ್ತ ಅಂತ ಯೇಸು ಹೇಳುವುದಿಲ್ಲ. ಬರಗಾಲ ಬಂತು, ಹೊಟ್ಟೆ ಹಸಿಯಿತು, ಅಪ್ಪನ ಮನೆಯ ಕೂಲಿಯಾಳುಗಳಿಗೂ ಊಟ ಇದೆಯಲ್ಲಾ ಅಂತ ನೆನಪಾಯಿತು. ಹಸಿವೆಯೇ ಅವನನ್ನು ಎಬ್ಬಿಸಿತು, ಅಪ್ಪನಿಗೆ ಅಷ್ಟೇ ಸಾಕಾಯಿತು. ದಾರಿಯಲ್ಲಿ ಒಪ್ಪಿಸಿಕೊಂಡು ಬಂದ ಮಾತನ್ನು ಪೂರ್ತಿ ಹೇಳಲೂ ಬಿಡಲಿಲ್ಲ.

ನನ್ನ ಕಷ್ಟ ಅದೇ ಕಥೆಯ ಹಿರಿಯ ಮಗನದ್ದು. ಅವನು ಹೊಲದಲ್ಲೇ ಇದ್ದಾನೆ, ದುಡಿಯುತ್ತಿದ್ದಾನೆ, ಅವನಿಗೆ ಹಸಿವೆ ಇಲ್ಲ. ಅಪ್ಪನ ಹತ್ತಿರ ಮಾತಾಡುವಾಗ ನನ್ನ ತಮ್ಮ ಅನ್ನುವುದಿಲ್ಲ, ನಿನ್ನ ಈ ಮಗ ಅನ್ನುತ್ತಾನೆ. ನಾನು ಆ ಮೂರು ವರ್ಷ ನನ್ನ ತಮ್ಮನನ್ನು ಕೆಳಗಿನ ಮನೆಯವನು ಅಂತಲೇ ಹೇಳುತ್ತಿದ್ದೆ. ಇದು ಓದಿದಾಗ ಮೊದಲ ಸಲ ಮೊಣಕಾಲೂರಿ ಏನು ಹೇಳಬೇಕೆಂದು ಗೊತ್ತಾಗದೆ ಸುಮ್ನೆ ಕೂತೆ. ದೇವರೇ, ನಾನು ಎಷ್ಟು ದೂರ ಹೋಗಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ ಎಂದಷ್ಟೇ ಬಾಯಿಂದ ಬಂತು. ಅಷ್ಟು ವರ್ಷದ ಜಪದಲ್ಲಿ ನನ್ನದೇ ಆದ ಮಾತು ಅದೊಂದೇ ಇರಬೇಕು.

ಶನಿವಾರ ಪಾಪನಿವೇದನೆಗೆ ಹೋದೆ. ಫಾದರ್ ಎಲ್ಲಾ ಕೇಳಿಸಿಕೊಂಡು, ತಮ್ಮನ ಅಂಗಳಕ್ಕೆ ಹೋಗಿ ಎಂದರು. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾರಲ್ಲ. ಹೋದೆ. ತಮ್ಮ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದ. ನೀರು ಕದ್ದದ್ದು ನಾನು, ತಪ್ಪಾಯಿತು ಎಂದೆ. ಅವನು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಅಣ್ಣಾ ಬಿಸಿಲಲ್ಲಿ ನಿಲ್ಲಬೇಡ, ಒಳಗೆ ಬಾ ಎಂದ.

ಸುರಂಗ ಕೊರೆಯುವ ಒಬ್ಬರು ಹಿರಿಯರನ್ನು ಕರೆಸಿದೆವು. ಅವರು ಮೇಣದಬತ್ತಿ ಹಿಡಿದುಕೊಂಡು ಒಳಗೆ ಹೋದರು, ಬತ್ತಿ ನಂದಿದರೆ ಅಲ್ಲಿ ಉಸಿರಾಡಲು ಗಾಳಿ ಇಲ್ಲ ಅಂತ ಲೆಕ್ಕ. ಅರ್ಧ ಗಂಟೆ ಕಳೆದು ಮೈಯೆಲ್ಲಾ ಕೆಂಪು ಮಣ್ಣು ಮಾಡಿಕೊಂಡು ಹೊರಗೆ ಬಂದು, ನೀರು ಎಲ್ಲಿಗೂ ಹೋಗಿಲ್ಲ, ಮೇಲಿನ ಮಾಡಿನ ಮಣ್ಣು ಕುಸಿದು ದಾರಿ ಕಟ್ಟಿದೆ ಎಂದರು. ನಾಲ್ಕು ದಿನ ನಾವಿಬ್ಬರೂ ಬುಟ್ಟಿಯಲ್ಲಿ ಮಣ್ಣು ಹೊತ್ತೆವು. ಮೊದಲು ಬಂದದ್ದು ಬರೀ ಕೆಸರು.

ಕೇಳುಗರೇ, ನಾಳೆ ಬೆಳಿಗ್ಗೆ ನಾನೂ ಆ ಸಾಲಿನಲ್ಲಿ ನಿಲ್ಲುತ್ತೇನೆ. ಗರಿ ಹೋದ ಭಾನುವಾರವೇ ಕೊಟ್ಟಾಗಿದೆ. ನಮ್ಮ ಮನೆಯದ್ದನ್ನೂ ತಮ್ಮನ ಮನೆಯದ್ದನ್ನೂ ಈ ಸಲ ಒಂದೇ ಕಟ್ಟು ಮಾಡಿದ್ದೆವು.