ಸದಾಶಿವನಗರದ ಸದಾಶಿವ ಯಾರು?

[ದೃಶ್ಯ: ಸ್ಯಾಂಕಿ ಕೆರೆ ಏರಿ, ಬೆಳಗಿನ ವಾಕಿಂಗ್ ಜನ]

ನಮಸ್ಕಾರ. ಬೆಂಗಳೂರಿನ ಸ್ಯಾಂಕಿ ಕೆರೆ ಪಕ್ಕ ನಿಂತಿದ್ದೇನೆ. ಇಲ್ಲೇ ಸದಾಶಿವನಗರ. ಡಾ. ರಾಜ್‌ಕುಮಾರ್ ಮನೆ ಇದ್ದ ಏರಿಯಾ. ಮಂತ್ರಿಗಳು, ಉದ್ಯಮಿಗಳು ಇರುವ ಏರಿಯಾ. ಇಲ್ಲಿ ಒಂದು ಸೈಟಿನ ಬೆಲೆ ಕೇಳಿದರೆ ತಲೆ ಗಿರ್ ಅನ್ನುತ್ತದೆ.

ಮೊನ್ನೆ ಆಟೊದಲ್ಲಿ ಬರುವಾಗ ಡ್ರೈವರ್ ಕೇಳಿದರು: "ಸಾರ್, ಸದಾಶಿವ ಅಂದ್ರೆ ಶಿವ ತಾನೇ? ಇಲ್ಲೆಲ್ಲಾದ್ರೂ ಹಳೇ ದೇವಸ್ಥಾನ ಇತ್ತಾ?" ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಹುಡುಕಿದೆ. ದೇವಸ್ಥಾನದ ಹೆಸರಲ್ಲ, ಮನುಷ್ಯರ ಹೆಸರು. ಕಾರ್ನಾಡ್ ಸದಾಶಿವ ರಾವ್, ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರರು. ಇದ್ದದ್ದನ್ನೆಲ್ಲ ಕೊಟ್ಟು, ಬರಿಗೈಯಲ್ಲಿ ತೀರಿಕೊಂಡವರು. ರಾಜ್ಯದ ದುಬಾರಿ ಬಡಾವಣೆಗೆ ಅವರ ಹೆಸರು!

[ದೃಶ್ಯ: ಮಂಗಳೂರು, ಹಳೆಯ ಹೆಂಚಿನ ಮನೆ]

ಹಿನ್ನೆಲೆ ಬೇಗ ಮುಗಿಸುತ್ತೇನೆ. ಹುಟ್ಟಿದ್ದು 1881, ಮಂಗಳೂರು. ಸಿರಿವಂತ ಸಾರಸ್ವತ ಮನೆತನ. ತಂದೆ ಹೆಸರಾಂತ ವಕೀಲರು. ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂಬೈನಲ್ಲಿ ಕಾನೂನು ಕಲಿತು, ಊರಿಗೆ ಬಂದು ಕರಿ ಕೋಟು ಹಾಕಿದರು. ಇಷ್ಟೇ ಆಗಿದ್ದರೆ ಮಂಗಳೂರಿನ ಇನ್ನೊಬ್ಬ ದೊಡ್ಡ ವಕೀಲರು, ಅಷ್ಟೇ.

ಆದರೆ 1911ರಲ್ಲಿ ಅವರು ಹೆಂಡತಿ ಶಾಂತಾಬಾಯಿ ಜೊತೆ ಸೇರಿ ಮಹಿಳಾ ಸಭಾ ಶುರು ಮಾಡಿದರು. ವಿಧವೆಯರಿಗೆ, ಬಡ ಹೆಣ್ಣುಮಕ್ಕಳಿಗೆ ಅಕ್ಷರ, ಕೈಕಸುಬು ಕಲಿಸುವುದು. ಆ ಕಾಲದಲ್ಲಿ ಗಂಡ ಸತ್ತ ಹುಡುಗಿಯ ತಲೆ ಬೋಳಿಸಿ ಒಳಮನೆಯಲ್ಲಿ ಕೂರಿಸುತ್ತಿದ್ದರು. ಅಂಥವಳು ಹೊಸ್ತಿಲು ದಾಟಿ ಸ್ಲೇಟು ಹಿಡಿಯುವುದು ಎಂದರೆ ಸುಮ್ನೆ ಮಾತಲ್ಲ. ಗಾಂಧೀಜಿ ಮೊದಲ ಸಲ ಮಂಗಳೂರಿಗೆ ಬಂದದ್ದು 1920ರಲ್ಲಿ. ಇದು ಅದಕ್ಕೂ 9 ವರ್ಷ ಮುಂಚೆ!

ಸತ್ಯಾಗ್ರಹಕ್ಕೆ ಗಾಂಧೀಜಿ ಕರೆ ಕೊಟ್ಟಾಗ ಅದರ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು ಇವರೇ ಎಂದು ಹೆಸರು. ನಂತರ ವಕೀಲಿ ಬಿಟ್ಟರು. ರಾಷ್ಟ್ರೀಯ ಶಿಕ್ಷಣಕ್ಕೆ, ಅಂದರೆ ಬ್ರಿಟಿಷ್ ಸರ್ಕಾರದ ಹಂಗಿಲ್ಲದ ಓದಿಗೆ, ಮಂಗಳೂರಿನಲ್ಲಿ ತಿಲಕ ವಿದ್ಯಾಲಯ ತೆರೆದರು. ಊಟ, ಓಡಾಟ, ಕಾರ್ಯಕರ್ತರ ಖರ್ಚು, ಎಲ್ಲದಕ್ಕೂ ಸ್ವಂತ ದುಡ್ಡು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಕರಾವಳಿಯ ಮನೆಗಳಲ್ಲಿ ಹಿತ್ತಲ ಬಾವಿ ನೋಡಿರುತ್ತೀರಿ. ಎಷ್ಟು ಸೇದಿದರೂ ರಾತ್ರಿ ಕಳೆದು ಬೆಳಗಾದರೆ ನೀರು ಮತ್ತೆ ಮೇಲೆ. ಯಾಕೆಂದರೆ ಕೆಳಗೆ ಒರತೆ ಇದೆ. ದಾನ ಮಾಡುವ ಸಿರಿವಂತರು ಬಹಳ ಜನ ಇದ್ದರು. ಅವರ ಒರತೆ ಹಾಗೇ ಇರುತ್ತಿತ್ತು, ಕೊಟ್ಟದ್ದು ಮತ್ತೆ ತುಂಬುತ್ತಿತ್ತು. ಸದಾಶಿವ ರಾಯರು ಮೊದಲು ಒರತೆಯನ್ನೇ ಮುಚ್ಚಿದರು. ವಕೀಲಿ ಬಿಡುವುದು ಎಂದರೆ ಅದೇ ಅಲ್ವಾ? ಆಮೇಲೆ ಇಡೀ ಊರಿಗೆ ಕೊಡ ಕೊಡ ಸೇದಿ ಕೊಟ್ಟರು. ಬಾವಿ ಬತ್ತುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಲೆಕ್ಕ ಬಲ್ಲ ವಕೀಲರು ಅವರು. ಗೊತ್ತಿದ್ದೇ ಸೇದಿದರು. ನನಗೆ ಈ ಇಡೀ ಕಥೆಯಲ್ಲಿ ದೊಡ್ಡದು ಅನ್ನಿಸಿದ್ದು ಇದೇ.

[ದೃಶ್ಯ: ಅಂಕೋಲಾ ಕಡಲ ತೀರ]

ಮುಂದೆ 1930, ಉಪ್ಪಿನ ಸತ್ಯಾಗ್ರಹ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ, ಅಂಕೋಲಾ ಬೊಂಬಾಯಿ ಪ್ರಾಂತ್ಯದಲ್ಲಿ. ಆದರೆ ಕಾಂಗ್ರೆಸ್ 1920ರಿಂದಲೇ ಕನ್ನಡ ನಾಡಿಗೆ ಒಂದೇ ಘಟಕ ಮಾಡಿತ್ತು. ಹಾಗಾಗಿ ಕರ್ನಾಟಕದ ಕಾಂಗ್ರೆಸ್ಸಿನ ಮುಂದಾಳುಗಳಲ್ಲಿ ಒಬ್ಬರಾದ ರಾಯರಿಗೆ ಅಂಕೋಲಾ ಪರವೂರಲ್ಲ. ಏಪ್ರಿಲ್ 13ರಂದು ಸತ್ಯಾಗ್ರಹಿಗಳು ಅಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದೆ ನಿಂತು ನಡೆಸಿದವರು ಎಂ.ಪಿ. ನಾಡಕರ್ಣಿ. ಉಪ್ಪಿನ ಮೊದಲ ಪೊಟ್ಟಣ ಹರಾಜಿನಲ್ಲಿ 30 ರೂಪಾಯಿಗೆ ಹೋಯಿತು. ಒಂದು ಪೊಟ್ಟಣ ಉಪ್ಪಿಗೆ!

ಟೈಮ್ ಕಮ್ಮಿ ಇದೆ, ಉಳಿದದ್ದು ಚುಟುಕಾಗಿ. ಜೈಲು ಕಂಡರು. ಆರೋಗ್ಯ ಕೆಟ್ಟಿತು. ಆಸ್ತಿ ಕರಗಿತು. 1936ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಫೈಜ್‌ಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಹಳ್ಳಿಯಲ್ಲಿ ನಡೆದ ಮೊದಲ ಅಧಿವೇಶನ ಅದು. ಅಲ್ಲಿಗೂ ಹೋದರು. ಜ್ವರ ಹತ್ತಿತು. ಅಲ್ಲಿಂದ ಮುಂಬೈಗೆ ಬಂದವರು 1937ರ ಜನವರಿ 9ರಂದು ತೀರಿಕೊಂಡರು. ಅದೇ ವರ್ಷ ಪ್ರಾಂತ್ಯಗಳ ಚುನಾವಣೆಯಲ್ಲಿ ಕಾಂಗ್ರೆಸ್ ಮದ್ರಾಸಿನಲ್ಲಿ ಗೆದ್ದು, ಜುಲೈನಲ್ಲಿ ರಾಜಾಜಿ ಸರ್ಕಾರ ಬಂತು. ಅದನ್ನು ನೋಡಲು ರಾಯರು ಇರಲಿಲ್ಲ.

[ದೃಶ್ಯ: ಮಂಗಳೂರು ಹಂಪನಕಟ್ಟೆ, ಅಂಗಡಿಗಳ ಸಾಲು]

ಮಂಗಳೂರಿನವರೇ, ನಿಮ್ಮ ಕೆ.ಎಸ್. ರಾವ್ ರೋಡ್ ಇದೆಯಲ್ಲ? ಬಟ್ಟೆ, ಚಪ್ಪಲಿ, ಮೊಬೈಲ್ ಕೊಳ್ಳಲು ಹೋಗುತ್ತೀರಲ್ಲ? ಕೆ ಅಂದರೆ ಕಾರ್ನಾಡ್. ಎಸ್ ಅಂದರೆ ಸದಾಶಿವ. ನಿಮ್ಮ ಮನೆಯ ಹಿರಿಯರು ಯಾರಾದರೂ ತಿಲಕ ವಿದ್ಯಾಲಯದಲ್ಲಿ ಓದಿದ್ದರೆ, ಮಹಿಳಾ ಸಭಾದಲ್ಲಿ ಕಸುಬು ಕಲಿತಿದ್ದರೆ, ಹಳೆಯ ಫೋಟೊ, ಕಾಗದ ಏನಾದರೂ ಉಳಿದಿದ್ದರೆ, ದಯವಿಟ್ಟು ನನಗೆ ಕಳಿಸಿ. ಮುಂದಿನ ವಿಡಿಯೋ ಶಾಂತಾಬಾಯಿಯವರ ಬಗ್ಗೆ ಮಾಡಬೇಕು ಅಂತಿದ್ದೇನೆ.