ಅನಾನಸ್ ಅಂಗಿಯ ಅಧ್ಯಾತ್ಮ, ಬೆಲೆ ಸಮೇತ

ಗಾಳಿ ಸದ್ದು ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ. ಇದು ಹವಾಯಿಯ ಹೊನೊಲುಲು, ವೈಕೀಕಿ ಬೀಚು. ಎಲ್ಲಿ ನೋಡಿದರೂ ಹೂವಿನ ಅಂಗಿ. ಇಲ್ಲಿಯವರು ಆಲೋಹಾ ಶರ್ಟ್ ಅನ್ನುತ್ತಾರೆ.

ಕಾಲರಿಗೆ ನೇತುಹಾಕಿದ ಈ ಚೀಟಿ ನೋಡಿ. ಫೋಕಸ್ ಆಗುತ್ತಿಲ್ಲ... ಹಾಂ, ಬಂತು. ಅಂಗಿಯ ಆಧ್ಯಾತ್ಮಿಕ ಅರ್ಥ ಅಂತೆ! ಅನಾನಸ್ ಅಂದರೆ ತೆರೆದ ಹೃದಯ. ಗಿಳಿ ಅಂದರೆ ಒಳಗಿನ ದನಿ. ಫ್ಲೆಮಿಂಗೋ ಒಂಟಿ ಕಾಲಲ್ಲಿ ನಿಂತಿದೆಯಲ್ಲ, ಅದು ಮನಸ್ಸಿನ ಸಮತೋಲನ. ಫ್ಲೆಮಿಂಗೋ ಹವಾಯಿಯ ಹಕ್ಕಿಯೇ ಅಲ್ಲ ಸ್ವಾಮಿ! ಅನಾನಸ್ ಕೂಡ ದಕ್ಷಿಣ ಅಮೆರಿಕದ್ದು. ಇಲ್ಲಿ ಅದರಿಂದ ಹೃದಯ ತೆರೆದದ್ದು ತೋಟದ ಮಾಲೀಕರಿಗೆ ಇರಬೇಕು.

ಈಗ ಬೆಲೆ. 39 ಡಾಲರ್ 95 ಸೆಂಟ್. ಪಕ್ಕದ ಸಾಲಿನಲ್ಲಿ ಅದೇ ಬಟ್ಟೆ, ಅದೇ ಗಿಳಿ, ಚೀಟಿ ಮಾತ್ರ ಇಲ್ಲ. 24 ಡಾಲರ್ 95. ಅಂದರೆ ಮೋಕ್ಷಕ್ಕೆ 15 ಡಾಲರ್! ಗುಂಡಿ ಎರಡಕ್ಕೂ ಪ್ಲಾಸ್ಟಿಕ್ಕೇ. ಅಷ್ಟು ದುಡ್ಡಿಗೆ ತೆಂಗಿನ ಚಿಪ್ಪಿನ ಗುಂಡಿ ಹಾಕಬಾರದಾ? 'ಚೀಟಿ ನೀವೇ ಇಟ್ಟುಕೊಳ್ಳಿ, ಅಂಗಿ ಕೊಡಿ' ಅಂದೆ. ಆಗಲ್ಲ, ಬಾರ್‌ಕೋಡ್ ಇರುವುದೇ ಚೀಟಿಯ ಬೆನ್ನಿಗೆ. ಅಗ್ಗದ್ದರಲ್ಲಿ ನನ್ನ ಸೈಜ್ ಖಾಲಿ. ಬಿಲ್ ಮಾಡುವಾಗ ಮೇಲೆ 4.712 ಪರ್ಸೆಂಟ್ ತೆರಿಗೆ. ಪಾಯಿಂಟ್ ಆದಮೇಲೆ ಮೂರು ಅಂಕಿ! ಒಟ್ಟು 41 ಡಾಲರ್ 83. ಕೊಟ್ಟೆ. ವಿಡಿಯೋಗೆ ಬೇಕಲ್ವಾ.

ದುಡ್ಡು ಕೊಟ್ಟಮೇಲೆ ಅರ್ಥ ಹೇಳುವ ಹಕ್ಕು ನನ್ನದೂ ಹೌದು. ಜೇಬು ಗಮನಿಸಿ. ಗಿಳಿಯ ತಲೆ ಎದೆ ಮೇಲಿದೆ, ಕೊಕ್ಕು ಜೇಬಿನ ಮೇಲೆ ಇನ್ನೆಲ್ಲೋ ಇದೆ. ದ್ವೈತ. ಒಳ್ಳೆ ಹೊಲಿಗೆಯಲ್ಲಿ ಚಿತ್ತಾರ ಎಷ್ಟು ಸರಿಯಾಗಿ ಕೂಡುತ್ತದೆ ಅಂದರೆ ಜೇಬು ಎಲ್ಲಿದೆ ಅಂತ ಹುಡುಕಬೇಕು. ಅದ್ವೈತ, ಬೆಲೆಯೂ ಹಾಗೇ. ಇನ್ನು ಇಲ್ಲಿಯವರು ಆಫೀಸಿಗೆ ಹಾಕುವುದು ಬಟ್ಟೆ ಮಗುಚಿ ಹೊಲಿದ ಅಂಗಿ. ಬಣ್ಣವೆಲ್ಲ ಒಳಗೆ, ಹೊರಗೆ ಮಾಸಲು. ಅವರದು ಅಂತರ್ಮುಖ ಸಾಧನೆ. ಇನ್‌ಶರ್ಟ್ ಮಾಡದಿರುವುದು ವೈರಾಗ್ಯ. ಹೊಟ್ಟೆ ಮುಚ್ಚುತ್ತದೆ, ಅದು ಬೇರೆ ವಿಷಯ.

ಆಫೀಸು ಅಂದಾಗ ನೆನಪಾಯಿತು. 1930ರ ದಶಕದಲ್ಲಿ ಇಲ್ಲಿನ ದರ್ಜಿಗಳು ಜಪಾನಿನ ಕಿಮೋನೊ ಬಟ್ಟೆಯಲ್ಲೂ ಈ ಅಂಗಿ ಹೊಲಿಯುತ್ತಿದ್ದರು. ಎಲರಿ ಚುನ್ ಅನ್ನುವ ಅಂಗಡಿಕಾರ 'ಆಲೋಹಾ ಶರ್ಟ್' ಅನ್ನುವ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಆದರೂ ಆಫೀಸಿಗೆ ಕೋಟು ತಪ್ಪಲಿಲ್ಲ. ಆಫೀಸಿಗೂ ಇದನ್ನು ಒಪ್ಪಿಸಬೇಕು ಅಂತ 1962ರಲ್ಲಿ ತಯಾರಕರ ಸಂಘ ಶಾಸಕರಿಗೆಲ್ಲ ತಲಾ ಎರಡು ಅಂಗಿ ಹಂಚಿತು. 1966ರ ಹೊತ್ತಿಗೆ ಶುಕ್ರವಾರ ಆಫೀಸಿಗೇ ಹಾಕಿಕೊಂಡು ಹೋಗುವುದು ಶುರುವಾಯಿತು. ಶಾಸಕರಿಗೆ ಬಟ್ಟೆ ಹಂಚಿ ಊರಿಗೆ ಒಳ್ಳೆಯದಾದದ್ದು ಇದೊಂದೇ ಇರಬೇಕು.

ಈ ಹಸಿರು ಅಂಗಿ ಬೇರೆ ಅಂಗಡಿಯದು. ಇದನ್ನು ಮಾತ್ರ ಆಡಿಕೊಳ್ಳಲ್ಲ. ಮೇಲಿರುವ ಕಾಯಿ ಉಲು, ನಮ್ಮ ಮಂಗಳೂರಿನ ಜೀಗುಜ್ಜೆ. ಹವಾಯಿಯವರಿಗೆ ಅದು ನಿಜಕ್ಕೂ ಸಮೃದ್ಧಿಯ ಗುರುತು. ಪಕ್ಕದ ಉದ್ದ ಎಲೆ 'ಟೀ' ಗಿಡದ್ದು, ಕುಡಿಯುವ ಟೀ ಅಲ್ಲ. ಕೆಟ್ಟದ್ದು ಒಳಗೆ ಬರಬಾರದು ಅಂತ ಮನೆ ಸುತ್ತ ನೆಡುತ್ತಾರೆ. ಆಮೆ ಕೆಲವು ಮನೆತನಗಳಿಗೆ ಕಾಯುವ ಪೂರ್ವಜ. ಇಷ್ಟನ್ನು ಬರೆದಿದ್ದರೆ 15 ಡಾಲರ್ ಏನು, 20 ಕೊಡುತ್ತಿದ್ದೆ. ಇಲ್ಲ, 20 ಜಾಸ್ತಿಯಾಯಿತು.

ಕೆಂಪು ದಾಸವಾಳದ್ದೂ ಒಂದಿತ್ತು. ಗಣಪತಿಗೆ ಏರಿಸುವ ಹೂವನ್ನು ಬೆನ್ನ ಮೇಲೆ ಹೊತ್ತು ಬೀಚಿನಲ್ಲಿ ಮಲಗುವುದು ಸರಿಯಾ ಅಂತ ಅಮ್ಮ ಕೇಳುತ್ತಾರೆ, ಗೊತ್ತು. ಅದಕ್ಕೇ... ಅಯ್ಯೋ, ಶಾಟ್ ಮುಗಿಯುತ್ತಿದೆ. ಓಡುತ್ತಿರುವುದು ನಾನೇ, ಬಸ್ಸಿಗೆ. ಮುಂದೆ ಊಟ.